ಮನೆಯ ಅಕ್ವೇರಿಯಂನಲ್ಲಿ ಮೀನು ಕಾಯಿಲೆ ಬಿದ್ದಾಗ ಅನುಸರಿಸಬೇಕಾದ ಕ್ರಮಗಳು

ಮನೆಯಲ್ಲಿ ಅಲಂಕಾರಿಕ ಮೀನು ಸಾಕುವ ನಾಗರಿಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: "ಮೀನಿಗೆ ಕಾಯಿಲೆಯಾಗಿದೆ, ಯಾವ ಔಷಧಿ ಹಾಕಬೇಕು?" ಹೀಗೆ ಕೇಳುವವರ ಪೈಕಿ ಹಲವರು ಅಂಗಡಿಯಿಂದ ತಂದ ಒಂದೆರಡು ಬಣ್ಣದ ದ್ರಾವಣಗಳನ್ನು ಅದಾಗಲೇ ತೊಟ್ಟಿಗೆ ಸುರಿದಿರುತ್ತಾರೆ. ಮನೆಯ ತೊಟ್ಟಿಗಳಲ್ಲಿ ಮೀನು ಸಾಯುವ ಹೆಚ್ಚಿನ ಸಂದರ್ಭಗಳಲ್ಲಿ ಮೊದಲು ಕೆಟ್ಟಿರುವುದು ಮೀನಲ್ಲ, ನೀರು. ಆದುದರಿಂದ ಔಷಧಿಯ ವಿಚಾರಕ್ಕೆ ಮುನ್ನ ನೀರಿನ ವಿಚಾರವನ್ನು ಇತ್ಯರ್ಥಪಡಿಸಿಕೊಳ್ಳುವುದು ಅವಶ್ಯಕ. ಈ ಮಾಹಿತಿಯು ಸಿಹಿನೀರಿನ ಅಲಂಕಾರಿಕ ಮೀನುಗಳಿಗೆ ಮಾತ್ರ ಅನ್ವಯಿಸುತ್ತದೆ. ಆಹಾರಕ್ಕಾಗಿ ಕೊಳಗಳಲ್ಲಿ ಸಾಕುವ ಮೀನುಗಳಿಗೆ ಇಲ್ಲಿ ಹೇಳಿರುವ ಔಷಧಿಗಳನ್ನು ಬಳಸತಕ್ಕದ್ದಲ್ಲ.

ಎಲ್ಲ ಮೀನುಗಳೋ, ಒಂದೆರಡು ಮೀನುಗಳೋ?

ತೊಟ್ಟಿಯ ಮುಂದೆ ಐದು ನಿಮಿಷ ಸುಮ್ಮನೆ ಕುಳಿತು ಗಮನಿಸುವುದು ಮೊದಲನೆಯ ಕ್ರಮ. ತೊಟ್ಟಿಯಲ್ಲಿರುವ ಎಲ್ಲ ಮೀನುಗಳೂ ಒಂದೇ ದಿನ, ಕೆಲವೊಮ್ಮೆ ಒಂದೇ ಗಂಟೆಯ ಅವಧಿಯಲ್ಲಿ ಅಸ್ವಸ್ಥಗೊಂಡು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಉಸಿರಿಗೆ ಪರದಾಡುತ್ತಿದ್ದರೆ ಅದು ನೀರಿನ ದೋಷವೆಂದೇ ತಿಳಿಯಬೇಕು. ಸಾಂಕ್ರಾಮಿಕ ರೋಗವು ಸಾಮಾನ್ಯವಾಗಿ ಒಂದೆರಡು ಮೀನುಗಳಲ್ಲಿ ಕಾಣಿಸಿಕೊಂಡು, ಕೆಲವು ದಿನಗಳಲ್ಲಿ ಇತರ ಮೀನುಗಳಿಗೆ ಹರಡುತ್ತದೆ. ರೋಗಕ್ಕೆ ಮೈಮೇಲೆ ಗುರುತುಗಳಿರುತ್ತವೆ: ಚುಕ್ಕೆ, ಹುಣ್ಣು, ಹರಿದ ಈಜುರೆಕ್ಕೆ, ಹತ್ತಿಯಂತಹ ಬೆಳವಣಿಗೆ, ಎದ್ದುನಿಂತ ಹುರುಪೆ. ನೀರಿನ ದೋಷಕ್ಕೆ ಗುರುತುಗಳು ಕಡಿಮೆ. ಏದುಸಿರು, ಮುದುಡಿದ ರೆಕ್ಕೆ, ಕೆಂಪಾದ ಕಿವಿರು, ಆಹಾರದ ಕಡೆಗೆ ನಿರಾಸಕ್ತಿ, ಇಷ್ಟೇ.

ಎಲ್ಲ ಮೀನುಗಳೂ ಏಕಕಾಲಕ್ಕೆ ಅಸ್ವಸ್ಥಗೊಂಡಿದ್ದರೆ ಹಿಂದಿನ 24 ಗಂಟೆಗಳಲ್ಲಿ ಮನೆಯಲ್ಲಿ ಏನು ನಡೆಯಿತೆಂಬುದನ್ನು ನೆನಪಿಸಿಕೊಳ್ಳಬೇಕು. ವಿದ್ಯುತ್ ಕಡಿತದಿಂದ ಏರ್ ಪಂಪ್ ನಿಂತಿತ್ತೇ? ಬೇಸಿಗೆಯಲ್ಲಿ ಇದು ಗಂಭೀರ ವಿಷಯ, ಏಕೆಂದರೆ ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿಯಬಲ್ಲ ನೀರು 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ ಹಿಡಿಯುತ್ತದೆ. ಕೋಣೆಯಲ್ಲಿ ಜಿರಲೆ ಅಥವಾ ಸೊಳ್ಳೆಯ ಔಷಧಿ ಸಿಂಪಡಿಸಲಾಗಿತ್ತೇ? ಈ ಔಷಧಿಗಳಲ್ಲಿರುವ ಪೈರೆಥ್ರಾಯ್ಡ್ ಎಂಬ ರಾಸಾಯನಿಕಗಳು ಮೀನಿಗೆ ತೀವ್ರ ವಿಷ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆಂಬುದನ್ನು ಅನೇಕರು ಮರೆಯುತ್ತಾರೆ. ಹಬ್ಬಕ್ಕೆ ಮುಂಚೆ ಮನೆಗೆ ಬಣ್ಣ ಹೊಡೆಸುವಾಗಲೂ, ಕೀಟನಾಶಕ ಸಿಂಪಡಣೆ ಮಾಡಿಸುವಾಗಲೂ ತೊಟ್ಟಿಯನ್ನು ಬೇರೆ ಕೋಣೆಗೆ ಸ್ಥಳಾಂತರಿಸುವುದು ಕ್ಷೇಮ. ಸಾಧ್ಯವಾಗದಿದ್ದರೆ ಪಂಪನ್ನು ಹೊರಗಿನ ಶುದ್ಧ ಗಾಳಿ ಎಳೆಯುವಂತೆ ಇರಿಸಿ, ತೊಟ್ಟಿಯ ಬಾಯಿಗೆ ಒದ್ದೆ ಬಟ್ಟೆ ಮುಚ್ಚಬೇಕು.

ಹೊಸ ತೊಟ್ಟಿಯ ಸಮಸ್ಯೆ

ಸಾಮಾನ್ಯವಾಗಿ ನಡೆಯುವುದು ಹೀಗೆ. ಮಗುವಿನ ಹುಟ್ಟುಹಬ್ಬಕ್ಕೆಂದು ಶನಿವಾರ ಗಾಜಿನ ತೊಟ್ಟಿ, ಬಣ್ಣದ ಜಲ್ಲಿಕಲ್ಲು ಮತ್ತು ಹನ್ನೆರಡು ಮೀನುಗಳನ್ನು ಒಟ್ಟಿಗೆ ಖರೀದಿಸಿ ತರಲಾಗುತ್ತದೆ. ಮನೆಮಂದಿಯೆಲ್ಲ ಸರದಿಯಂತೆ ಆಹಾರ ಹಾಕುತ್ತಾರೆ. ಮುಂದಿನ ಗುರುವಾರದ ವೇಳೆಗೆ ನೀರು ಮಬ್ಬಾಗಿ ಮೂರು ಮೀನುಗಳು ಸತ್ತಿರುತ್ತವೆ. ಅಂಗಡಿಯವರು ರೋಗದ ಮೀನು ಕೊಟ್ಟರೆಂದು ಮನೆಯವರ ದೂರು. ಅದು ನಿಜವಿದ್ದರೂ ಇರಬಹುದು. ಆದರೆ ಹೆಚ್ಚಿನ ವೇಳೆ ಕಾರಣ ಅಮೋನಿಯಾ.

ಮೀನು ತನ್ನ ಕಿವಿರುಗಳ ಮೂಲಕ ಸತತವಾಗಿ ಅಮೋನಿಯಾ ವಿಸರ್ಜಿಸುತ್ತದೆ. ತಿನ್ನದೆ ಉಳಿದ ಆಹಾರವೂ ಕೊಳೆತು ಅಮೋನಿಯಾ ಆಗುತ್ತದೆ. ಹಳೆಯ ತೊಟ್ಟಿಯ ಫಿಲ್ಟರ್ ಸ್ಪಂಜು ಮತ್ತು ಜಲ್ಲಿಯ ಮೇಲೆ ನೆಲೆಸಿರುವ ಒಂದು ಬಗೆಯ ಬ್ಯಾಕ್ಟೀರಿಯಾ ಈ ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಮತ್ತೊಂದು ಬಗೆಯವು ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ಇರುವುದಿಲ್ಲ. ಅವು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರಗಳು ಬೇಕು. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ ಜಮೆಯ ಕಡೆ ಪ್ರತಿದಿನ ಬರೆಯಲಾಗುತ್ತಿದ್ದು, ಖರ್ಚಿನ ಕಡೆ ಬರೆಯುವವರೇ ಇನ್ನೂ ಕೆಲಸಕ್ಕೆ ಹಾಜರಾಗಿಲ್ಲ. ನೀರನ್ನು ಬದಲಾಯಿಸುವುದೊಂದೇ ಆ ಅವಧಿಯ ಖರ್ಚು.

ಅಂಗಡಿಗಳಲ್ಲಿ ದೊರೆಯುವ ಹನಿ ಪರೀಕ್ಷೆಯ ಕಿಟ್‌ನಿಂದ ಅಮೋನಿಯಾ, ನೈಟ್ರೈಟ್ ಮತ್ತು ಪಿ.ಎಚ್. ಅಳೆಯಬಹುದು. ಎರಡು ಬಾಟಲಿ ಔಷಧಿ ಕೊಳ್ಳುವ ಹಣಕ್ಕೆ ಒಂದು ಕಿಟ್ ಕೊಳ್ಳುವುದು ಹೆಚ್ಚು ಲಾಭದಾಯಕ. ಮೊದಲೆರಡರ ಪ್ರಮಾಣ ಸೊನ್ನೆ ಇರಬೇಕು. ಪಿ.ಎಚ್. ಏರಿದಂತೆ ಅಮೋನಿಯಾದ ವಿಷತ್ವವೂ ಏರುತ್ತದೆ. 25 ಡಿಗ್ರಿಯಲ್ಲಿ ಪಿ.ಎಚ್. 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ಶೇಕಡ ಒಂದಕ್ಕಿಂತ ಕಡಿಮೆ ಭಾಗ ವಿಷರೂಪದಲ್ಲಿದ್ದರೆ, ಪಿ.ಎಚ್. 8 ಆದಾಗ ಸುಮಾರು ಶೇಕಡ 5 ಭಾಗ ವಿಷರೂಪದಲ್ಲಿರುತ್ತದೆ. ತಿಂಗಳುಗಟ್ಟಲೆ ನೀರು ಬದಲಾಯಿಸದ ಹಳೆಯ ತೊಟ್ಟಿಯ ನೀರು ಆಮ್ಲೀಯವಾಗಿ, ಅಮೋನಿಯಾ ಬಹುಪಾಲು ನಿರುಪದ್ರವ ರೂಪದಲ್ಲಿ ಸಂಗ್ರಹವಾಗಿರುತ್ತದೆ. ಅಂತಹ ತೊಟ್ಟಿಗೆ ಒಮ್ಮೆಲೇ ಕ್ಷಾರಗುಣದ ಬೋರ್‌ವೆಲ್ ನೀರು ಸುರಿದರೆ ಉಳಿದಿರುವ ಅಮೋನಿಯಾ ಅಲ್ಪಾವಧಿಯಲ್ಲೇ ವಿಷವಾಗುತ್ತದೆ. "ನೀರು ಹಾಳಾಗಿತ್ತು, ಬದಲಾಯಿಸಿದೆವು, ಆಮೇಲೆಯೇ ಸತ್ತವು" ಎಂಬ ದೂರಿನ ಹಿಂದೆ ಅನೇಕ ವೇಳೆ ಇರುವುದು ಇದೇ.

ನೀರು ಬದಲಾಯಿಸುವ ವಿಧಾನ

ಒಂದು ಬಾರಿಗೆ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ನೀರನ್ನು ಮಾತ್ರ ತೆಗೆಯಬೇಕು. ಪರಿಸ್ಥಿತಿ ತುರ್ತಾಗಿದ್ದರೆ ದಿನಕ್ಕೆ ಎರಡು ಬಾರಿ ಮಾಡಬಹುದು. ಕೊಳವೆಯ ಮೂಲಕ ತಳದ ಜಲ್ಲಿಯ ನಡುವೆ ಇರುವ ಕಸದ ಸಮೇತ ನೀರನ್ನು ಎಳೆಯತಕ್ಕದ್ದು. ಹೊಸ ನೀರು ತೊಟ್ಟಿಯ ನೀರಿನಷ್ಟೇ ಬೆಚ್ಚಗಿರಬೇಕು.

ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐ.ಎಸ್. 10500ರ ಪ್ರಕಾರ ಶುದ್ಧೀಕರಿಸಿ ಸರಬರಾಜು ಮಾಡುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರತಕ್ಕದ್ದು. ಮನುಷ್ಯನ ಆರೋಗ್ಯಕ್ಕೆ ಅವಶ್ಯಕವಾದ ಇದೇ ಪ್ರಮಾಣವು ಮೀನಿನ ಕಿವಿರುಗಳಿಗೆ ಹಾನಿಕರ. ನೀರನ್ನು ಅಗಲ ಬಾಯಿಯ ಬಕೆಟ್‌ನಲ್ಲಿ 24 ಗಂಟೆ ತೆರೆದಿಡುವುದರಿಂದ, ಅಥವಾ ಹೈಪೋ ಎಂದು ಕರೆಯಲಾಗುವ ಸೋಡಿಯಂ ಥಯೋಸಲ್ಫೇಟ್ ದ್ರಾವಣದ ಹನಿಗಳನ್ನು ಸೂಚಿತ ಪ್ರಮಾಣದಲ್ಲಿ ಬೆರೆಸುವುದರಿಂದ ಕ್ಲೋರಿನ್ ನಿವಾರಣೆಯಾಗುತ್ತದೆ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರನ್ನೂ ಒಂದು ರಾತ್ರಿ ಗಾಳಿಯಾಡಿಸಿಯೇ ಬಳಸುವುದು ಒಳಿತು, ಏಕೆಂದರೆ ನೆಲದಾಳದ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ.

ಭಾನುವಾರ ಬೆಳಿಗ್ಗೆ ಮೀನುಗಳನ್ನು ಬಕೆಟ್ಟಿಗೆ ಹಾಕಿ, ತೊಟ್ಟಿ, ಜಲ್ಲಿ ಮತ್ತು ಸ್ಪಂಜುಗಳನ್ನೆಲ್ಲ ಸೋಪು ಹಾಕಿ ಉಜ್ಜಿ ತೊಳೆಯುವ ಪದ್ಧತಿಯನ್ನು ಕೈಬಿಡಬೇಕು. ಮನೆಯವರ ಶ್ರದ್ಧೆಯ ಬಗ್ಗೆ ಆಕ್ಷೇಪಣೆ ಇಲ್ಲ. ಆದರೆ ಈ ಕ್ರಮದಿಂದ ಮೇಲ್ಕಂಡ ಉಪಯುಕ್ತ ಬ್ಯಾಕ್ಟೀರಿಯಾ ನಾಶವಾಗಿ ತೊಟ್ಟಿಯು ಪುನಃ ಹೊಸ ತೊಟ್ಟಿಯಾಗುತ್ತದೆ. ಸೋಪಿನ ಅಂಶ ಉಳಿದರೆ ಅದೂ ಮಾರಕ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿಯೇ ಒಮ್ಮೆ ಹಿಂಡಿದರೆ ಸಾಕು.

ಬಿಳಿಚುಕ್ಕೆ ರೋಗ

ನೀರು ಸರಿಯಾಗಿದ್ದೂ ಮೀನಿನ ಮೈಮೇಲೆ ಗುರುತುಗಳಿದ್ದರೆ ಆಗ ರೋಗದ ವಿಚಾರ. ಮನೆಯ ತೊಟ್ಟಿಗಳಲ್ಲಿ ಅತಿ ಸಾಮಾನ್ಯವಾದುದು ಬಿಳಿಚುಕ್ಕೆ ರೋಗ. ಮೀನಿನ ಮೈ ಮತ್ತು ರೆಕ್ಕೆಗಳ ಮೇಲೆ ಉಪ್ಪು ಅಥವಾ ರವೆ ಉದುರಿಸಿದಂತೆ ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ಮೀನು ಕಲ್ಲಿಗೆ, ಗಾಜಿಗೆ ಮೈ ಉಜ್ಜುತ್ತದೆ. ಇಕ್ತಿಯೋಫ್ತಿರಿಯಸ್ ಎಂಬ ಏಕಕೋಶ ಪರೋಪಜೀವಿ ಇದಕ್ಕೆ ಕಾರಣ. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಬೆಂಗಳೂರಿನಂತಹ ಊರುಗಳಲ್ಲಿ ರಾತ್ರಿಯ ಉಷ್ಣಾಂಶ ಇಳಿದಾಗ ಮೀನಿನ ರೋಗನಿರೋಧಕ ಶಕ್ತಿ ಕುಗ್ಗಿ ಇದು ಉಲ್ಬಣಿಸುವುದುಂಟು. ಹೊಸದಾಗಿ ತಂದ ಮೀನಿನ ಮೂಲಕ ಬರುವುದು ಇನ್ನೂ ಸಾಮಾನ್ಯ.

ಒಂದು ಎಚ್ಚರಿಕೆ. ಗಂಡು ಗೋಲ್ಡ್ ಫಿಷ್‌ಗಳಿಗೆ ಸಂತಾನೋತ್ಪತ್ತಿಯ ಕಾಲದಲ್ಲಿ ಕಿವಿರಿನ ಮುಚ್ಚಳದ ಮೇಲೆ ಮತ್ತು ಎದೆಯ ರೆಕ್ಕೆಯ ಮುಂಬದಿಯ ಅಂಚಿನಲ್ಲಿ ಸಾಲಾಗಿ ಬಿಳಿ ಚುಕ್ಕೆಗಳು ಮೂಡುತ್ತವೆ. ಇದು ರೋಗವಲ್ಲ. ಮೈಯ ಬೇರೆ ಭಾಗಗಳಲ್ಲಿ ಚುಕ್ಕೆಗಳಿಲ್ಲದೆ ಮೀನು ಚುರುಕಾಗಿದ್ದರೆ ಯಾವ ಔಷಧಿಯೂ ಬೇಡ.

ಈ ಪರೋಪಜೀವಿಯ ಜೀವನಕ್ರಮವನ್ನು ಅರಿಯದೆ ಚಿಕಿತ್ಸೆ ಮಾಡಿದರೆ ಪ್ರಯೋಜನವಿಲ್ಲ. ಮೀನಿನ ಮೈಮೇಲೆ ಕಾಣುವ ಚುಕ್ಕೆಯೊಳಗಿನ ಜೀವಿಯು ಚರ್ಮದ ಕೆಳಗೆ ಸುರಕ್ಷಿತವಾಗಿರುತ್ತದೆ, ಯಾವ ಔಷಧಿಯೂ ಅದನ್ನು ತಟ್ಟುವುದಿಲ್ಲ. ಬೆಳೆದ ನಂತರ ಅದು ಉದುರಿ ತಳದಲ್ಲಿ ಕೋಶ ಕಟ್ಟಿಕೊಂಡು, ಒಳಗೆ ನೂರಾರು ಮರಿಗಳಾಗಿ ಒಡೆಯುತ್ತದೆ. ಕೋಶದಿಂದ ಹೊರಬಂದ ಮರಿಗಳು ಒಂದೆರಡು ದಿನಗಳಲ್ಲಿ ಮೀನನ್ನು ಸೇರದಿದ್ದರೆ ಸಾಯುತ್ತವೆ. ಹೀಗೆ ನೀರಿನಲ್ಲಿ ಈಜಾಡುವ ಅವಧಿಯಲ್ಲಿ ಮಾತ್ರ ಉಪ್ಪು ಅಥವಾ ಔಷಧಿ ಅವುಗಳನ್ನು ಕೊಲ್ಲಬಲ್ಲದು. 25 ಡಿಗ್ರಿಯ ಆಸುಪಾಸಿನಲ್ಲಿ ಈ ಇಡೀ ಚಕ್ರ ಒಂದು ವಾರದೊಳಗೆ ಮುಗಿಯುತ್ತದೆ, ತಣ್ಣೀರಿನಲ್ಲಿ ವಾರಗಳೇ ಹಿಡಿಯಬಹುದು. ಮೂರನೆಯ ದಿನ ಚುಕ್ಕೆಗಳು ಮಾಯವಾದವೆಂದು ಚಿಕಿತ್ಸೆ ನಿಲ್ಲಿಸುವವರ ತೊಟ್ಟಿಯಲ್ಲಿ ಒಂದು ವಾರದ ನಂತರ ರೋಗವು ಹತ್ತುಪಟ್ಟಾಗಿ ಮರಳುವುದು ಇದೇ ಕಾರಣಕ್ಕೆ. ಚುಕ್ಕೆಗಳು ಮಾಯವಾಗುವುದೆಂದರೆ ಅವು ತಳಕ್ಕೆ ಉದುರಿವೆ ಎಂದಷ್ಟೇ ಅರ್ಥ.

ಉಷ್ಣಾಂಶವನ್ನು ಗಂಟೆಗೆ ಒಂದು ಡಿಗ್ರಿ ಮೀರದಂತೆ ಏರಿಸುತ್ತಾ 28ರಿಂದ 30 ಡಿಗ್ರಿಗೆ ತರುವುದು, ಜೊತೆಗೆ ಗಾಳಿಯ ಪೂರೈಕೆ ಹೆಚ್ಚಿಸುವುದು, ಲೀಟರಿಗೆ 2 ಗ್ರಾಂ ಪ್ರಮಾಣದಲ್ಲಿ ಉಪ್ಪು ಬೆರೆಸುವುದು, ದಿನ ಬಿಟ್ಟು ದಿನ ತಳದ ನೀರು ಎಳೆದು ಬದಲಾಯಿಸುವುದು, ಇವು ಮನೆಯಲ್ಲಿ ಮಾಡಬಹುದಾದ ಕ್ರಮಗಳು. ಚುಕ್ಕೆಗಳು ಸಂಪೂರ್ಣ ಮಾಯವಾದ ಮೇಲೂ ಒಂದು ವಾರ ಮುಂದುವರಿಸತಕ್ಕದ್ದು. ಒಟ್ಟು ಅವಧಿ ಸಾಮಾನ್ಯವಾಗಿ 10ರಿಂದ 14 ದಿನಗಳು. ಅಡುಗೆಯ ಹರಳುಪ್ಪು ಸಾಕಾಗುತ್ತದೆ. ಹುರುಪೆಯಿಲ್ಲದ ಕ್ಯಾಟ್ ಫಿಷ್, ಲೋಚ್ ಮುಂತಾದ ಮೀನುಗಳು ಹಾಗೂ ಜೀವಂತ ಸಸ್ಯಗಳು ಉಪ್ಪನ್ನು ಅಷ್ಟಾಗಿ ತಾಳುವುದಿಲ್ಲವಾದ್ದರಿಂದ ಅವು ಇರುವ ತೊಟ್ಟಿಗಳಲ್ಲಿ ಅರ್ಧ ಪ್ರಮಾಣಕ್ಕೆ ಮಿತಿಗೊಳಿಸಬೇಕು.

ಪ್ರಮಾಣದ ಲೆಕ್ಕ

ಉಪ್ಪಾಗಲಿ ಔಷಧಿಯಾಗಲಿ ಲೀಟರಿನ ಲೆಕ್ಕದಲ್ಲಿ ಹಾಕಬೇಕಾಗಿರುವುದರಿಂದ ತೊಟ್ಟಿಯ ನೀರಿನ ನಿಖರ ಪ್ರಮಾಣ ತಿಳಿದಿರಬೇಕು. ಉದ್ದ, ಅಗಲ ಹಾಗೂ ಜಲ್ಲಿಯ ಮೇಲಿನಿಂದ ನೀರಿನ ಮಟ್ಟದವರೆಗಿನ ಎತ್ತರವನ್ನು ಸೆಂಟಿಮೀಟರ್‌ಗಳಲ್ಲಿ ಅಳೆದು, ಗುಣಿಸಿ, 1000ದಿಂದ ಭಾಗಿಸಿದರೆ ಲೀಟರ್ ದೊರೆಯುತ್ತದೆ. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ ಮತ್ತು 25 ಸೆಂ.ಮೀ. ನೀರಿರುವ ತೊಟ್ಟಿಯಲ್ಲಿ 45 ಲೀಟರ್ ನೀರಿರುತ್ತದೆ. ಲೀಟರಿಗೆ 2 ಗ್ರಾಂನಂತೆ 90 ಗ್ರಾಂ ಉಪ್ಪು ಬೇಕು. ಇದನ್ನು ಒಂದೇ ಬಾರಿಗೆ ಹಾಕದೆ, 30 ಗ್ರಾಂನ ಮೂರು ಕಂತುಗಳಾಗಿ, ಸ್ವಲ್ಪ ನೀರಿನಲ್ಲಿ ಕರಗಿಸಿ, 12 ಗಂಟೆಗಳ ಅಂತರದಲ್ಲಿ ಸೇರಿಸಬೇಕು.

ಇಲ್ಲಿ ಸಾಮಾನ್ಯವಾಗಿ ತಪ್ಪುವ ಒಂದು ಲೆಕ್ಕವಿದೆ. ನೀರು ಆವಿಯಾದಾಗ ಉಪ್ಪು ಆವಿಯಾಗುವುದಿಲ್ಲ. ಆದ್ದರಿಂದ ಆವಿಯಾದ ನೀರಿನ ಬದಲಿಗೆ ಬರೀ ನೀರನ್ನು ಮಾತ್ರ ತುಂಬಬೇಕು. ಆದರೆ 15 ಲೀಟರ್ ನೀರನ್ನು ಹೊರತೆಗೆದಾಗ ಅದರೊಂದಿಗೆ 30 ಗ್ರಾಂ ಉಪ್ಪು ಹೊರಹೋಗಿರುತ್ತದೆ. ಹೊಸ 15 ಲೀಟರ್‌ಗೆ 30 ಗ್ರಾಂ ಮಾತ್ರ ಸೇರಿಸಬೇಕೇ ಹೊರತು ಪುನಃ 90 ಗ್ರಾಂ ಅಲ್ಲ. ಪ್ರತಿ ಸಲ ಪೂರ್ತಿ ಪ್ರಮಾಣ ಹಾಕುತ್ತಾ ಹೋದರೆ ವಾರದೊಳಗೆ ಶಿಲ್ಕು ಮೀನಿಗೆ ತಾಳಲಾರದಷ್ಟಾಗುತ್ತದೆ. ಒಂದು ಚೀಟಿಯಲ್ಲಿ ದಿನಾಂಕವಾರು ತೆಗೆದ ನೀರು, ಸೇರಿಸಿದ ಉಪ್ಪು ಇವುಗಳನ್ನು ಬರೆದು ತೊಟ್ಟಿಯ ಬದಿಗೆ ಅಂಟಿಸಿಕೊಂಡರೆ ಮನೆಯ ಇಬ್ಬರು ಒಂದೇ ದಿನ ಔಷಧಿ ಹಾಕುವ ಪ್ರಮಾದವೂ ತಪ್ಪುತ್ತದೆ.

ಮೆಥಿಲೀನ್ ಬ್ಲೂ, ಮ್ಯಾಲಕೈಟ್ ಗ್ರೀನ್ ಮುಂತಾದ ಬಣ್ಣದ ಔಷಧಿಗಳನ್ನು ಬಾಟಲಿಯ ಮೇಲಿನ ಸೂಚನೆಯಂತೆ, ಒಂದು ಬಾರಿಗೆ ಒಂದನ್ನು ಮಾತ್ರ ಬಳಸಬೇಕು. ಮೆಥಿಲೀನ್ ಬ್ಲೂ ಫಿಲ್ಟರಿನ ಬ್ಯಾಕ್ಟೀರಿಯಾಗಳಿಗೂ ಹಾನಿ ಮಾಡುವುದರಿಂದ ರೋಗಪೀಡಿತ ಮೀನನ್ನು ಪ್ರತ್ಯೇಕ ಪಾತ್ರೆಗೆ ಸ್ಥಳಾಂತರಿಸಿ ಅಲ್ಲಿಯೇ ಚಿಕಿತ್ಸೆ ನೀಡುವುದು ಸೂಕ್ತ. ಹತ್ತಿಪ್ಪತ್ತು ಲೀಟರಿನ ಶುಭ್ರವಾದ ಪ್ಲಾಸ್ಟಿಕ್ ಟಬ್ ಮತ್ತು ಒಂದು ಏರ್ ಪಂಪ್ ಇದಕ್ಕೆ ಸಾಕು. ಆದರೆ ಬಿಳಿಚುಕ್ಕೆಯ ವಿಷಯದಲ್ಲಿ ಇಡೀ ತೊಟ್ಟಿಗೇ ಸೋಂಕು ತಗುಲಿರುವುದರಿಂದ ಒಂದು ಮೀನನ್ನು ಬೇರ್ಪಡಿಸಿ ಸುಮ್ಮನಾಗುವಂತಿಲ್ಲ. ಕಾರ್ಬನ್ ಇರುವ ಫಿಲ್ಟರ್ ಆಗಿದ್ದರೆ ಚಿಕಿತ್ಸೆಯ ಅವಧಿಯಲ್ಲಿ ಕಾರ್ಬನ್ ತೆಗೆದಿಡಬೇಕು, ಇಲ್ಲವಾದರೆ ಔಷಧಿಯನ್ನು ಅದೇ ಹೀರಿಕೊಳ್ಳುತ್ತದೆ.

ಇತರ ರೋಗಗಳು

ರೆಕ್ಕೆಗಳ ಅಂಚು ಕೊಳೆತು ಹರಿಯುವುದು ಬಹುಪಾಲು ಕೆಟ್ಟ ನೀರಿನ ಪರಿಣಾಮ. ಆರಂಭದಲ್ಲಿಯೇ ನೀರನ್ನು ಸುಧಾರಿಸಿದರೆ ರೆಕ್ಕೆ ಮರಳಿ ಬೆಳೆಯುತ್ತದೆ. ಬಾಯಿಯ ಸುತ್ತ ಬಿಳಿಯ ಹತ್ತಿಯಂತೆ ಕಾಣುವುದು ಅನೇಕ ವೇಳೆ ಬೂಷ್ಟಲ್ಲ, ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ಸೋಂಕು. ಬಿಸಿ ನೀರಿನಲ್ಲಿ ಇದು ಶೀಘ್ರವಾಗಿ ಹರಡುವುದರಿಂದ ಈ ಪ್ರಕರಣದಲ್ಲಿ ಉಷ್ಣಾಂಶ ಏರಿಸಬಾರದು. ಗೋಲ್ಡ್ ಫಿಷ್ ಮತ್ತು ಕಾಯ್ ಮೀನುಗಳ ಮೈಮೇಲೆ ದಾರದಂತೆ ಜೋತುಬಿದ್ದಿರುವ ಆ್ಯಂಕರ್ ಹುಳುವನ್ನು ಚಿಮುಟದಿಂದ ಬುಡ ಹಿಡಿದು ನಿಧಾನವಾಗಿ ಎಳೆದು ತೆಗೆಯಬಹುದು. ಹೊಟ್ಟೆ ಊದಿ ಹುರುಪೆಗಳೆಲ್ಲ ಎದ್ದುನಿಂತ ಮೀನು ಬದುಕುವ ಸಂಭವ ಕಡಿಮೆ.

ಮನುಷ್ಯರಿಗೆಂದು ಮಾರುವ ಟೆಟ್ರಾಸೈಕ್ಲಿನ್ ಮುಂತಾದ ಪ್ರತಿಜೀವಕ ಕ್ಯಾಪ್ಸೂಲ್‌ಗಳನ್ನು ಬಿಚ್ಚಿ ನೀರಿಗೆ ಸುರಿಯುವ ರೂಢಿ ಇದೆ. ಇದನ್ನು ಖಂಡಿತವಾಗಿ ಮಾಡಕೂಡದು. ಪರೋಪಜೀವಿಯಿಂದ ಬಂದ ರೋಗಕ್ಕೆ ಇದು ನಿಷ್ಪ್ರಯೋಜಕ. ಅಷ್ಟೇ ಅಲ್ಲದೆ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ಮನೆಯಲ್ಲಿಯೇ ಬೆಳೆಸಿದಂತಾಗುತ್ತದೆ. ಪ್ರತಿಜೀವಕದ ಅವಶ್ಯಕತೆ ಕಂಡುಬಂದರೆ ಪಶುವೈದ್ಯರ ಅಥವಾ ಮೀನಿನ ರೋಗ ತಜ್ಞರ ಸಲಹೆ ಪಡೆಯತಕ್ಕದ್ದು.

ಕೈಯಲ್ಲಿ ಗಾಯವಿರುವವರು ಕೈಗವಸಿಲ್ಲದೆ ತೊಟ್ಟಿಯೊಳಗೆ ಕೈ ಹಾಕಬಾರದು. ಮೀನುಗಳಲ್ಲಿ ಕಂಡುಬರುವ ಮೈಕೋಬ್ಯಾಕ್ಟೀರಿಯಂ ಮೆರೈನಂ ಎಂಬ ಸೂಕ್ಷ್ಮಜೀವಿಯು ಮನುಷ್ಯರ ಚರ್ಮದಲ್ಲಿ ಬಹುಕಾಲ ವಾಸಿಯಾಗದ ಗಂಟುಗಳನ್ನು ಉಂಟುಮಾಡಬಲ್ಲದು. ಅಂತಹ ಗಂಟು ಕಾಣಿಸಿಕೊಂಡರೆ ಮನೆಯಲ್ಲಿ ಅಕ್ವೇರಿಯಂ ಇರುವ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಹೀಟರ್ ಇರುವ ತೊಟ್ಟಿಗೆ ಕೈ ಹಾಕುವ ಮುನ್ನ ಪ್ಲಗ್ ತೆಗೆಯುವುದನ್ನು ಮರೆಯಬಾರದು.

ಬದುಕದ ಮೀನಿನ ವಿಷಯ

ಚೇತರಿಕೆಯ ಲಕ್ಷಣವಿಲ್ಲದೆ ನರಳುವ ಮೀನನ್ನು "ಕೆರೆಯಲ್ಲಾದರೂ ಬದುಕಿಕೊಳ್ಳಲಿ" ಎಂದು ಸಮೀಪದ ಕೆರೆಗೆ ಬಿಟ್ಟುಬರುವವರಿದ್ದಾರೆ. ಮನೆಯ ಮಕ್ಕಳ ಸಮಾಧಾನಕ್ಕಾಗಿ ಹೀಗೆ ಮಾಡಲಾಗುತ್ತದೆ. ಆದರೆ ರೋಗದ ಮೀನು ಕೆರೆಯಲ್ಲಿ ಬದುಕುವುದಿಲ್ಲ, ಅದರ ರೋಗ ಮಾತ್ರ ಬದುಕುತ್ತದೆ. ಆರೋಗ್ಯವಂತ ಮೀನನ್ನು ಬಿಡುವುದೂ ಅಷ್ಟೇ ಹಾನಿಕರ. ದಕ್ಷಿಣ ಅಮೆರಿಕ ಮೂಲದ, ಅಕ್ವೇರಿಯಂಗಳ ಗಾಜು ಶುಚಿಯಾಗಿಡಲೆಂದು ತರುವ ಸಕ್ಕರ್ ಕ್ಯಾಟ್ ಫಿಷ್ ಹೀಗೆಯೇ ಹೊರಬಿದ್ದು ಭಾರತದ ಹಲವು ರಾಜ್ಯಗಳ ಕೆರೆ, ನದಿಗಳಲ್ಲಿ ನೆಲೆಯೂರಿದೆ. ಗಟ್ಟಿ ಮೈಯ ಈ ಮೀನುಗಳು ಬೆಸ್ತರ ಬಲೆಗಳನ್ನು ಹರಿಯುತ್ತವೆ, ಮಾರುಕಟ್ಟೆಯಲ್ಲಿ ಬೆಲೆಯೂ ಇಲ್ಲ.

ಮೀನಿಗೆ ನೋವಿಲ್ಲದ ಅಂತ್ಯ ನೀಡಲು ಲವಂಗದ ಎಣ್ಣೆಯನ್ನು ಬಳಸಬಹುದು. ಒಂದು ಲೀಟರ್ ತೊಟ್ಟಿಯ ನೀರಿಗೆ 0.4 ಮಿ.ಲೀ., ಅಂದರೆ ಸುಮಾರು ಎಂಟು ಹನಿ ಎಣ್ಣೆ ಬೇಕು. ಮೊದಲು ಒಂದೆರಡು ಹನಿಗಳನ್ನು ಸಣ್ಣ ಬಾಟಲಿಯ ಉಗುರುಬೆಚ್ಚಗಿನ ನೀರಿನಲ್ಲಿ ಜೋರಾಗಿ ಕುಲುಕಿ ಬೆರೆಸಬೇಕು. ಮೀನಿಗೆ ಮಂಪರು ಬಂದು ಓರೆಯಾದ ಮೇಲೆ ಉಳಿದ ಎಣ್ಣೆಯನ್ನು ಅದೇ ರೀತಿ ಕುಲುಕಿ ಸೇರಿಸಬೇಕು. ಕಿವಿರಿನ ಚಲನೆ ನಿಂತ ನಂತರವೂ ಕನಿಷ್ಠ 10 ನಿಮಿಷ ನೀರಿನಲ್ಲಿಯೇ ಬಿಡಬೇಕು. ಸತ್ತ ಮೀನನ್ನು ಚರಂಡಿಗಾಗಲಿ ಶೌಚಾಲಯಕ್ಕಾಗಲಿ ಹಾಕದೆ, ಮಣ್ಣಿನಲ್ಲಿ ಅಥವಾ ದೊಡ್ಡ ಹೂಕುಂಡದಲ್ಲಿ ಆಳವಾಗಿ ಹೂಳತಕ್ಕದ್ದು.

ಹೊಸ ಮೀನು ತರುವಾಗ

ಪ್ರತ್ಯೇಕ ಟಬ್‌ನಲ್ಲಿ ಮೂರರಿಂದ ನಾಲ್ಕು ವಾರ ಇರಿಸಿ ಗಮನಿಸಿದ ನಂತರವೇ ಹೊಸ ಮೀನನ್ನು ಹಳೆಯ ತೊಟ್ಟಿಗೆ ಬಿಡಬೇಕು. ಅಂಗಡಿಯ ಪೊಟ್ಟಣದ ನೀರನ್ನು ತೊಟ್ಟಿಗೆ ಸುರಿಯಬಾರದು. ಟಬ್‌ಗೆ ಬಳಸಿದ ಬಲೆಯನ್ನು ಚೆನ್ನಾಗಿ ಒಣಗಿಸದೆ ಮುಖ್ಯ ತೊಟ್ಟಿಯಲ್ಲಿ ಬಳಸಬಾರದು. ಚರಂಡಿಗಳಿಂದ ಸಂಗ್ರಹಿಸಿ ಮಾರುವ ಜೀವಂತ ಟ್ಯುಬಿಫೆಕ್ಸ್ ಹುಳುಗಳೊಂದಿಗೆ ರೋಗಗಳೂ ಬರುವುದರಿಂದ ಒಣ ಆಹಾರವೇ ಮೇಲು.

ಸಲಹೆ ಕೋರಿ ಬರುವವರ ಗಮನಕ್ಕೆ

ಮೇಲ್ಕಂಡ ಕ್ರಮಗಳಿಂದ ಫಲ ದೊರೆಯದಿದ್ದಲ್ಲಿ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಬಹುದು. ದಕ್ಷಿಣ ಕನ್ನಡ ಮತ್ತು ನೆರೆಯ ಜಿಲ್ಲೆಗಳವರು 1969ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಮೀನುಗಾರಿಕಾ ಮಹಾವಿದ್ಯಾಲಯದ ತಜ್ಞರನ್ನೂ ಸಂಪರ್ಕಿಸಬಹುದು. ಬರುವಾಗ ತೊಟ್ಟಿಯ ಅಳತೆ, ಮೀನುಗಳ ಜಾತಿ ಮತ್ತು ಸಂಖ್ಯೆ, ನೀರಿನ ಮೂಲ, ಕೊನೆಯದಾಗಿ ನೀರು ಬದಲಾಯಿಸಿದ ದಿನಾಂಕ, ಇತ್ತೀಚೆಗೆ ತಂದ ಮೀನುಗಳ ವಿವರ ಹಾಗೂ ಈವರೆಗೆ ಹಾಕಿದ ಔಷಧಿಗಳ ಹೆಸರು, ಪ್ರಮಾಣಗಳನ್ನು ಬರೆದು ತಂದರೆ ಅನುಕೂಲ. ಔಷಧಿ ಹಾಕಿದ್ದನ್ನು ಸಂಕೋಚದಿಂದ ಮುಚ್ಚಿಡುವ ಅಗತ್ಯವಿಲ್ಲ.

ಪರೀಕ್ಷೆಗೆ ತರುವ ಮೀನು ರೋಗಲಕ್ಷಣವಿರುವ ಜೀವಂತ ಮೀನಾಗಿರಬೇಕು. ಅದನ್ನು ಮೂರನೇ ಒಂದು ಭಾಗ ನೀರು, ಉಳಿದ ಭಾಗ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ತರಬೇಕು. ಸತ್ತ ಮೀನಿನ ಕಿವಿರುಗಳು ಬೇಗನೆ ಕೊಳೆಯುವುದರಿಂದ ಹಿಂದಿನ ರಾತ್ರಿ ಸತ್ತ ಮೀನಿನಿಂದ ಏನನ್ನೂ ಹೇಳಲಾಗುವುದಿಲ್ಲ. ಆಗತಾನೆ ಸತ್ತ ಮೀನಾದರೆ ಚೀಲದಲ್ಲಿ ಕಟ್ಟಿ ಮಂಜುಗಡ್ಡೆಯ ಮೇಲಿರಿಸಿ ತರಬಹುದು, ಫ್ರೀಜರ್‌ನಲ್ಲಿ ಗಟ್ಟಿಯಾಗಿಸಬಾರದು. ತೊಟ್ಟಿಯ ನೀರನ್ನು ಒಂದು ಶುಭ್ರವಾದ ಬಾಟಲಿಯಲ್ಲಿ, ಮೀನಿನ ಚೀಲದಿಂದ ಪ್ರತ್ಯೇಕವಾಗಿ, ಬಾಯಿಯವರೆಗೆ ತುಂಬಿ ತರತಕ್ಕದ್ದು.